ಸೈಟಿನ ಆಸೆ ಎಲ್ಲಿಂದ ಬಂತು?

ಮುಂಬಯಿಯ ಮಾಂಡವಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಎರಡೇ ವರ್ಷದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂತು. ಅದು 1898ರ ಆಗಸ್ಟ್ ತಿಂಗಳು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆ, ಅಕ್ಕಿಪೇಟೆಗಳ ಒತ್ತೊತ್ತಾದ ಬೀದಿಗಳಲ್ಲಿ ಮೊದಲು ಇಲಿ ಬಿದ್ದವು, ಆಮೇಲೆ ಜನ. ಮನೆಗಳ ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳಿಸಿದರು, ಗೋಡೆಗೆ ಸುಣ್ಣ ಬಳಿಸಿದರು, ರೋಗ ತಗುಲಿದ ಮನೆಯವರನ್ನು ಊರಾಚೆಯ ಶೆಡ್ಡುಗಳಿಗೆ ಸಾಗಿಸಿದರು. ಪ್ಲೇಗಿನಮ್ಮ, ಮಾರಮ್ಮರ ಗುಡಿಗಳಲ್ಲಿ ಪೂಜೆ ಜೋರಾಯಿತು. ದಂಡುಪ್ರದೇಶ ಬಿಟ್ಟು ಲೆಕ್ಕ ಹಾಕಿದರೆ 1891ರಲ್ಲಿ 80 ಸಾವಿರ ದಾಟಿದ್ದ ಊರಿನ ಜನಸಂಖ್ಯೆ 1901ರ ಗಣತಿ ಹೊತ್ತಿಗೆ 69 ಸಾವಿರದ ಆಸುಪಾಸಿಗೆ ಇಳಿದಿತ್ತು. ಸತ್ತವರಿಗಿಂತ ಊರು ಬಿಟ್ಟು ಓಡಿದವರೇ ಹೆಚ್ಚಿದ್ದಿರಬೇಕು.

ಆ ಗಾಬರಿಯಲ್ಲಿ ಹುಟ್ಟಿದ್ದು ಬಸವನಗುಡಿ ಮತ್ತು ಮಲ್ಲೇಶ್ವರ. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಪ್ಲೇಗ್ ಕಮಿಷನರ್ ಆಗಿದ್ದ ವಿ.ಪಿ. ಮಾಧವರಾಯರು ಮುಂದೆ ತಾವೇ ದಿವಾನರಾದರು. ಬಸವನಗುಡಿಯಲ್ಲಿ ಅವರ ಹೆಸರಿನ ವೃತ್ತ ಇವತ್ತಿಗೂ ಇದೆ. ಚಾಮರಾಜಪೇಟೆ, ಶೇಷಾದ್ರಿಪುರಗಳು 1892ರಷ್ಟು ಹೊತ್ತಿಗೇ ಶುರುವಾಗಿದ್ದವು ನಿಜ. ಆದರೆ ಊರಿನ ಜನ ಪೇಟೆ ಬಿಟ್ಟು ಹೊರಗೆ ಹೋಗಿ ನೆಲೆಸಲಿ ಎಂದು ಸರ್ಕಾರವೇ ಗಟ್ಟಿಯಾಗಿ ನೂಕಿದ್ದು ಪ್ಲೇಗಿನ ನಂತರ. ದಾರ ಹಿಡಿದು ಎಳೆದ ನೇರ ರಸ್ತೆಗಳು, ಅಡ್ಡರಸ್ತೆಗಳು, ಪ್ರತಿ ಮನೆಗೂ ಬಿಡಿ ನಿವೇಶನ, ಮನೆಯ ಸುತ್ತ ಖಾಲಿ ಜಾಗ, ಸಂಪಿಗೆ ಮರ, ಬೇವಿನ ಮರ. ಇಂದು ಇದನ್ನೆಲ್ಲ ಚೆಲುವಿನ ಕಣ್ಣಿನಿಂದ ನೋಡುತ್ತೇವೆ. ಅಂದಿನ ಅಧಿಕಾರಿಗಳಿಗೆ ಅದು ಔಷಧದ ಚೀಟಿ.

ತಮಾಷೆಯೆಂದರೆ ಔಷಧ ಕೊಟ್ಟವರಿಗೆ ರೋಗದ ಮೂಲ ಸರಿಯಾಗಿ ಗೊತ್ತಿರಲಿಲ್ಲ. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ಹೇಳಿದ್ದು ಅದೇ 1898ರಲ್ಲಿ. ಅದನ್ನು ಹಲವರು ವರ್ಷಗಟ್ಟಲೆ ನಂಬಲಿಲ್ಲ. ಕೆಟ್ಟ ಗಾಳಿ, ಕತ್ತಲು, ತೇವ, ಜನಜಂಗುಳಿ, ಇವೇ ರೋಗದ ಬೇರು ಎಂಬ ಹಳೆಯ ನಂಬಿಕೆಯೇ ರಸ್ತೆಯ ಅಗಲವನ್ನೂ ಮನೆಮನೆಯ ನಡುವಿನ ಅಂತರವನ್ನೂ ನಿಗದಿ ಮಾಡಿತು. ಚಿಗಟದ ಮಾತು ಒಪ್ಪಿಗೆಯಾದ ಮೇಲೆ ದಂಡುಪ್ರದೇಶದಲ್ಲಿ ಬೆಳೆದ ಫ್ರೇಜರ್ ಟೌನಿನಲ್ಲಿ, ಇಲಿ ನುಸುಳದಂತೆ ಮನೆ ಕಟ್ಟುವುದು ಹೇಗೆ ಎಂಬ ಲೆಕ್ಕಾಚಾರ ಸೇರಿಕೊಂಡಿತು. ಬ್ಲಾಕ್‌ಪಳ್ಳಿಯ, ಅಂದರೆ ಇಂದಿನ ಶಿವಾಜಿನಗರದ, ದಟ್ಟಣೆಯನ್ನು ತಗ್ಗಿಸಲು ಎದ್ದ ಆ ಬಡಾವಣೆಗೆ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರು.

ಇಂಗ್ಲೆಂಡಿನಲ್ಲಿ ಎಬೆನೆಜರ್ ಹೋವರ್ಡ್ ತಮ್ಮ 'ಉದ್ಯಾನ ನಗರ'ದ ಕಲ್ಪನೆಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ್ದೂ 1898ರಲ್ಲೇ. ಹಾಗೆಂದು ಬಸವನಗುಡಿ ಹೋವರ್ಡರ ಪುಸ್ತಕ ಓದಿ ಕಟ್ಟಿದ್ದಲ್ಲ; ಒಂದೇ ಕಾಲದಲ್ಲಿ ಎರಡು ಕಡೆ, ಬೇರೆ ಬೇರೆ ಕಾರಣಕ್ಕೆ, ಊರಿನ ನಡುವಿನ ಬದುಕು ಕೊಳಕು, ಊರಾಚೆಯ ಬದುಕು ಶುದ್ಧ ಎಂಬ ತೀರ್ಮಾನಕ್ಕೆ ಜನ ಬಂದಿದ್ದರು ಅಷ್ಟೆ. ಆ ತೀರ್ಮಾನ ನೂರಿಪ್ಪತ್ತೈದು ವರ್ಷಗಳಿಂದ ಕದಲಿಲ್ಲ. ಸ್ವಂತ ನಿವೇಶನ, ಅದರ ನಡುವೆ ಮನೆ, ಮನೆಯಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳು, ಸುತ್ತ ಕಾಂಪೌಂಡು: ಮನುಷ್ಯರೆಲ್ಲರ ಸಹಜ ಆಸೆಯೇ ಇದು ಎನ್ನುವಂತೆ ಮಾತಾಡುತ್ತೇವೆ. ಬೆಂಗಳೂರಿನ ಚರಿತ್ರೆ ಬೇರೆ ಮಾತು ಹೇಳುತ್ತದೆ.

ಮೊದಲನೆಯದಾಗಿ, ಪೇಟೆಯವರಿಗೆ ಹೊರಗೆ ಹೋಗುವ ಮನಸ್ಸಿರಲಿಲ್ಲ. ಕೆಂಪೇಗೌಡರ ಕಾಲದಿಂದ ಬಂದ ಪೇಟೆಯಲ್ಲಿ ಮನೆ ಬೇರೆ, ಕಸುಬು ಬೇರೆ ಎಂಬುದೇ ಇಲ್ಲ. ಮುಂದೆ ಅಂಗಡಿ, ಹಿಂದೆ ಮನೆ. ಕೆಳಗೆ ಉಗ್ರಾಣ, ಮೇಲೆ ಸಂಸಾರ. ಕಬ್ಬನ್‌ಪೇಟೆಯ ನೇಕಾರರ ಮನೆಯಲ್ಲಿ ಮಗ್ಗವೇ ನಡುಮನೆ. ಗಂಡ ನೇಯುತ್ತಿದ್ದರೆ ಹೆಂಡತಿ, ಮಕ್ಕಳು ನೂಲು ಸುತ್ತುತ್ತಿದ್ದರು. ಗಾಣಿಗರಪೇಟೆ, ಕುಂಬಾರಪೇಟೆ, ನಗರ್ತಪೇಟೆ ಎಂಬ ಹೆಸರುಗಳಲ್ಲೇ ಕಸುಬು, ಕುಲ, ವಾಸ ಮೂರೂ ಒಂದೇ ಗಂಟಾಗಿ ನಿಂತಿವೆ. ಇಂಥವರನ್ನು ಕರೆದು ಮೂರು ಮೈಲಿ ಆಚೆಗೆ ಚೊಕ್ಕ ಮನೆ ಕಟ್ಟಿಕೊಳ್ಳಿ ಎಂದರೆ, ಗಿರಾಕಿ ಎಲ್ಲಿ, ನೂಲು ತರುವವನು ಎಲ್ಲಿ, ಸಾಲ ಕೊಡುವ ಸಾಹುಕಾರ ಎಲ್ಲಿ? ಪ್ಲೇಗು ಜೋರಾದಾಗ ಶೆಡ್ಡಿಗೆ ಹೋದವರು ರೋಗ ತಗ್ಗಿದಂತೆ ಮನೆಗೆ ಮರಳುವುದು ಹಳೆ ಮೈಸೂರಿನಲ್ಲೆಲ್ಲ ನಡೆಯುತ್ತಿದ್ದ ರೂಢಿ. ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಓದಿದವರಿಗೆ, ತುಮಕೂರು ಸೀಮೆಯ ಹಳ್ಳಿಯೊಂದು ಪ್ಲೇಗಿಗೆ ಹೆದರಿ ಊರ ಹೊರಗೆ ಬೀಡು ಬಿಡುವ ಚಿತ್ರ ನೆನಪಿರುತ್ತದೆ.

ಹಾಗಾದರೆ ಹೋದವರು ಯಾರು? ತಿಂಗಳ ಸಂಬಳದವರು. ಅಠಾರ ಕಚೇರಿಯ ಗುಮಾಸ್ತರು, ಶಿರಸ್ತೇದಾರರು, ವಕೀಲರು, ಮೇಷ್ಟರು, ಇಂಜಿನಿಯರುಗಳು, ನಿವೃತ್ತ ಅಮಲ್ದಾರರು. ಬೆಳಗ್ಗೆ ಊಟ ಮಾಡಿ ಕೋಟು, ಪೇಟ ಏರಿಸಿಕೊಂಡು ಕಚೇರಿಗೆ ಹೋಗಿ ಸಂಜೆ ಮರಳುವವರಿಗೆ ಮಾತ್ರ ಮನೆ ಎಂಬುದು ಕೆಲಸವಿಲ್ಲದ ಜಾಗವಾಗಲು ಸಾಧ್ಯ. ಬಡಾವಣೆಯ ಸಂಸಾರ ಸಂಬಳದ ಕೂಸು. ಸಂಬಳವಿಲ್ಲದವರ ಸಂಸಾರಗಳು ಅದರಲ್ಲಿ ಹೊಂದಲಿಲ್ಲ, ಹೊಂದಬೇಕೆಂದು ಬಯಸಲೂ ಇಲ್ಲ. ತಿಗಳರನ್ನೇ ನೋಡಬಹುದು: ಊರಿಗೆ ತರಕಾರಿ, ಹೂವು ಬೆಳೆದುಕೊಟ್ಟ ಈ ಜನರ ಬಾಳು ಕೆರೆಯಂಗಳದ ತೋಟ ಮತ್ತು ಪೇಟೆಯ ಧರ್ಮರಾಯಸ್ವಾಮಿ ಗುಡಿ ಇವೆರಡರ ನಡುವೆ ನಡೆಯುತ್ತಿತ್ತು. ಬಡಾವಣೆಗಳು ಬೆಳೆದಂತೆ ಅವರ ತೋಟಗಳು ಹೋದವು. ಕರಗ ಮಾತ್ರ ಇವತ್ತಿಗೂ ಅದೇ ಪೇಟೆಯ ಬೀದಿಗಳನ್ನೇ ಸುತ್ತುತ್ತದೆ. ಯಾವ ಲೇಔಟಿಗೂ ಅದು ಮನೆ ಬದಲಾಯಿಸಿಲ್ಲ.

ಹೊಸ ಬಡಾವಣೆಗಳ ನಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಬ್ರಾಹ್ಮಣರಿಗೆ ಇಷ್ಟು, ಲಿಂಗಾಯತರಿಗೆ ಇಷ್ಟು, ಮುಸಲ್ಮಾನರಿಗೆ ಇಷ್ಟು ಎಂದು ಸಮುದಾಯಕ್ಕೊಂದರಂತೆ ಬ್ಲಾಕು ಗುರುತು ಮಾಡಿದ್ದರು. ಪೇಟೆಯ ಗೋಜಲನ್ನು ಬಿಡಿಸಿ ಆಧುನಿಕ ಊರು ಕಟ್ಟಲು ಹೊರಟವರು ಜಾತಿಯ ಗೆರೆಯನ್ನು ಇನ್ನೂ ನೇರವಾಗಿ ಎಳೆದಿದ್ದರು. ಮನೆಗಳ ಹಿಂಭಾಗದಲ್ಲಿ ಕಿರಿದಾದ ಓಣಿ ಬಿಟ್ಟಿದ್ದು ಕಕ್ಕಸು ಬಳಿಯುವವರಿಗಾಗಿ. ಅವರು ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗಬೇಕಿತ್ತು. ಮುಂಬಾಗಿಲಿನ ಸಂಪಿಗೆ ಮರದ ರಸ್ತೆ ಅವರದ್ದಲ್ಲ. ಬಡಾವಣೆಯ ಶುಚಿತ್ವ ಯಾರ ಬೆನ್ನ ಮೇಲೆ ನಿಂತಿತ್ತು ಎಂಬುದಕ್ಕೆ ಮಲ್ಲೇಶ್ವರದಲ್ಲಿ ಅಲ್ಲಲ್ಲಿ ಉಳಿದಿರುವ ಆ ಓಣಿಗಳೇ ಸಾಕ್ಷಿ. ಈಗ ಅವುಗಳ ಗೋಡೆಗೆ ಬಣ್ಣ ಬಳಿದು ಚಿತ್ರ ಬಿಡಿಸುತ್ತಾರೆ.

ಇಷ್ಟೆಲ್ಲ ಕಾಳಜಿಯಿಂದ ಅಳೆದುಕೊಟ್ಟ ನಿವೇಶನಗಳಲ್ಲಿ ಒಂಟಿ ಮನೆ, ಒಂದೇ ಸಂಸಾರ ಎಂಬ ಲೆಕ್ಕ ಬಹಳ ಕಾಲ ನಿಲ್ಲಲಿಲ್ಲ. ಮಲ್ಲೇಶ್ವರ, ಚಾಮರಾಜಪೇಟೆ, ಬಸವನಗುಡಿಗಳ ದೊಡ್ಡ ನಿವೇಶನಗಳಲ್ಲಿ ವಠಾರಗಳು ಎದ್ದವು. ಮುಂದೆ ಮಾಲೀಕರ ಮನೆ. ಪಕ್ಕದ ಓಣಿಯಲ್ಲಿ ಸಾಲಾಗಿ ನಾಲ್ಕೋ ಆರೋ ಬಾಡಿಗೆ ಮನೆ. ಒಂದೊಂದಕ್ಕೂ ಒಂದು ನಡುಮನೆ, ಒಂದು ಅಡುಗೆಮನೆ. ಎಲ್ಲರಿಗೂ ಸೇರಿ ಒಂದು ಬಾವಿ ಅಥವಾ ಒಂದು ನಲ್ಲಿ, ಒಂದೋ ಎರಡೋ ಕಕ್ಕಸು. ಹಾಸನದಿಂದಲೋ ಕೋಲಾರದಿಂದಲೋ ಓದಲು, ನೌಕರಿ ಹುಡುಕಲು ಬಂದವರಿಗೆ ಊರಿನ ಬಾಗಿಲು ತೆರೆದದ್ದು ಈ ವಠಾರಗಳು. ಪೆನ್ಷನ್ ಮೇಲೆ ಬದುಕುವ ಮಾಲೀಕರಿಗೆ ಬಾಡಿಗೆಯೇ ಆಸರೆ. ಪ್ಲೇಗು ಓಡಿಸಲು ಬಿಟ್ಟ ಖಾಲಿ ಜಾಗವನ್ನು ಜನ ತಮ್ಮ ಅಗತ್ಯಕ್ಕೆ ತಕ್ಕಂತೆ ಮತ್ತೆ ಪೇಟೆ ಮಾಡಿಕೊಂಡರು ಎನ್ನಬಹುದು.

ವಠಾರವನ್ನು ನೆನೆದು ಇವತ್ತು ಕಣ್ಣು ಒದ್ದೆ ಮಾಡಿಕೊಳ್ಳುವವರು ಹೆಚ್ಚಾಗಿ ಅಲ್ಲಿ ಗೋಲಿ ಆಡಿ ಬೆಳೆದ ಗಂಡಸರು. ಬೆಳಗಿನ ಜಾವ ಎದ್ದು ಬಿಂದಿಗೆ ಹಿಡಿದು ಸರದಿ ನಿಂತ ಹೆಂಗಸರನ್ನು ಕೇಳಿದರೆ ಉತ್ತರ ಬೇರೆ ಬಂದೀತು. ಮುಟ್ಟು, ಬಸಿರು, ಗಂಡ ಹೆಂಡತಿಯ ಜಗಳ ಯಾವುದೂ ಅಲ್ಲಿ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಆದರೆ ಹಾಲು ಉಕ್ಕಿದರೆ ಒಲೆ ಆರಿಸುವವರು, ಕೂಸು ಅತ್ತರೆ ಎತ್ತಿಕೊಳ್ಳುವವರು, ಗಂಡ ಕೈ ಮಾಡಿದರೆ ಬಾಗಿಲು ಬಡಿಯುವವರು ಕೂಗಳತೆಯಲ್ಲಿ ಇದ್ದರು ಎಂಬುದೂ ಅಷ್ಟೇ ನಿಜ. ಕಾಂಪೌಂಡಿನ ಒಳಗಿನ ಒಂಟಿ ಮನೆಯಲ್ಲಿ ಹೆಂಗಸರಿಗೆ ಸ್ವಂತ ನಲ್ಲಿ ಸಿಕ್ಕಿತು, ಆ ಕೂಗಳತೆ ತಪ್ಪಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬೆಂಗಳೂರಿನ ಹೊಸ ಬಡಾವಣೆಗಳಲ್ಲೇ ಮಹಿಳಾ ಸಮಾಜಗಳು ಹೆಚ್ಚಾಗಿ ಚಿಗುರಿದ್ದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ. ಬಸವನಗುಡಿಯಲ್ಲಿ ಮಹಿಳಾ ಸೇವಾ ಸಮಾಜ ಬಂತು. 'ಸರಸ್ವತಿ' ಪತ್ರಿಕೆ ನಡೆಸುತ್ತಿದ್ದ ಆರ್. ಕಲ್ಯಾಣಮ್ಮನವರು 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಪೇಟೆಯ ಜಗಲಿಯಲ್ಲಿ ಕರೆಯದೆಯೇ ನಡೆಯುತ್ತಿದ್ದ ಒಡನಾಟವನ್ನು ಇಲ್ಲಿ ಕಟ್ಟಡ ಕಟ್ಟಿ, ಸದಸ್ಯತ್ವ ಮಾಡಿ, ವಾರ್ಷಿಕೋತ್ಸವ ಇಟ್ಟುಕೊಂಡು ಮತ್ತೆ ಹುಟ್ಟಿಸಬೇಕಾಯಿತು.

ಬೆಂಗಳೂರಿನ ಈ ಕಥೆಯನ್ನು ಅಮೆರಿಕದ ಜೊತೆ ಇಟ್ಟು ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ, ಏಕೆಂದರೆ ಉಪನಗರದ ಸಂಸಾರವನ್ನು ಜಗತ್ತಿಗೇ ಆದರ್ಶವೆಂದು ಮಾರಿದ್ದು ಆ ದೇಶ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ 1947ರಲ್ಲಿ ಲೆವಿಟ್ ಕಂಪನಿ ಮನೆ ಕಟ್ಟಲು ತೊಡಗಿತು. ಕಾರು ತಯಾರಿಸುವ ಕಾರ್ಖಾನೆಯಲ್ಲಿ ಕಾರು ಸರಿಯುತ್ತದೆ, ಕೆಲಸಗಾರ ನಿಲ್ಲುತ್ತಾನೆ. ಇಲ್ಲಿ ಮನೆ ನಿಂತಿತು, ಕೆಲಸಗಾರರ ತಂಡಗಳು ಒಂದರ ಹಿಂದೊಂದು ಸರಿದವು. ಒಂದು ತಂಡ ನೆಲ ಹಾಕಿದರೆ ಇನ್ನೊಂದು ಗೋಡೆ ನಿಲ್ಲಿಸುತ್ತಿತ್ತು, ಮತ್ತೊಂದು ಬಣ್ಣ ಹೊಡೆಯುತ್ತಿತ್ತು. ಕೆಲಸ ಜೋರಾಗಿದ್ದಾಗ ದಿನಕ್ಕೆ ಮೂವತ್ತು ಮನೆ. 1951ರ ಹೊತ್ತಿಗೆ ಹೀಗೆ ಎದ್ದ ಲೆವಿಟ್‌ಟೌನಿನಲ್ಲಿ 17 ಸಾವಿರಕ್ಕೂ ಹೆಚ್ಚು ಮನೆಗಳಿದ್ದವು. ನಿವೇಶನದ ಅಳತೆ 60x100 ಅಡಿ. ಬೆಂಗಳೂರಿನವರು ಕೇಳಿದ ಕೂಡಲೇ ಮನಸ್ಸಿನಲ್ಲಿ ಬೆಲೆ ಕಟ್ಟುವಂಥ ಸಂಖ್ಯೆ. 1949ರ ಮಾದರಿಯ ಮನೆಗೆ 7,990 ಡಾಲರು. ಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಕಾಯಿದೆಯಂತೆ ಸರ್ಕಾರ ಸಾಲಕ್ಕೆ ಜಾಮೀನು ನಿಲ್ಲುತ್ತಿದ್ದುದರಿಂದ ಕೈಯಿಂದ ಮುಂಗಡ ಹಾಕುವ ಅಗತ್ಯವೂ ಬಹುಮಟ್ಟಿಗೆ ಇರಲಿಲ್ಲ. ನಗರದ ಬಾಡಿಗೆಗಿಂತ ಉಪನಗರದ ಕಂತು ಅಗ್ಗವಾದರೆ ಯಾರು ಬಿಡುತ್ತಾರೆ? ಇದನ್ನೇ ಆಮೇಲೆ ಜನರ ಅಂತರಂಗದ ಬಯಕೆ ಎಂದು ಬಗೆಯಲಾಯಿತು.

ಎಲ್ಲರ ಬಯಕೆ ಎಂಬುದಂತೂ ಸುಳ್ಳೇ. ಲೆವಿಟ್‌ಟೌನಿನ ಮೊದಲ ಕರಾರುಪತ್ರಗಳಲ್ಲಿ ಬಿಳಿಯರಲ್ಲದವರು ಮನೆಯಲ್ಲಿ ವಾಸಿಸಕೂಡದು, ಮನೆಗೆಲಸದವರಾದರೆ ಅಡ್ಡಿಯಿಲ್ಲ ಎಂಬ ಷರತ್ತು ಅಚ್ಚಾಗಿತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲಿ ಹೇಳಿದ ಮೇಲೂ ಕಂಪನಿ ಕರಿಯರಿಗೆ ಮನೆ ಮಾರಲಿಲ್ಲ. ಅದೇ ಕಂಪನಿ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಇನ್ನೊಂದು ಲೆವಿಟ್‌ಟೌನಿಗೆ 1957ರ ಆಗಸ್ಟಿನಲ್ಲಿ ವಿಲಿಯಂ ಮತ್ತು ಡೇಸಿ ಮೈಯರ್ಸ್ ದಂಪತಿ ಮಕ್ಕಳೊಂದಿಗೆ ಬಂದಿಳಿದರು. ಹಿಂದಿನ ಮಾಲೀಕರಿಂದ ನೇರವಾಗಿ ಕೊಂಡ ಮನೆ ಅದು. ಸುದ್ದಿ ಹಬ್ಬಿದ್ದೇ ತಡ, ಮನೆ ಮುಂದೆ ನೂರಾರು ಜನ ಸೇರಿದರು. ಕಿಟಕಿಗೆ ಕಲ್ಲು ಬಿತ್ತು, ಬೆದರಿಕೆ ವಾರಗಟ್ಟಲೆ ನಡೆಯಿತು, ರಾಜ್ಯದ ಪೊಲೀಸರೇ ಬಂದು ನಿಲ್ಲಬೇಕಾಯಿತು. ಮೈಯರ್ಸ್ ಸಂಸಾರಕ್ಕೆ ಆ ಆದರ್ಶ ಬೇಕಾಗಿತ್ತು. ಆದರ್ಶಕ್ಕೆ ಅವರು ಬೇಕಾಗಿರಲಿಲ್ಲ.

ಒಳಗೆ ಸೇರಿಸಿಕೊಂಡವರಿಗಾದರೂ ನೆಮ್ಮದಿ ಇತ್ತೇ? ಅಲ್ಲಿ ಬೇಲಿ ಹಾಕುವಂತಿಲ್ಲ, ವಾರಕ್ಕೊಮ್ಮೆ ಹುಲ್ಲು ಕತ್ತರಿಸಲೇಬೇಕು, ವಾರದ ಕೊನೆಯಲ್ಲಿ ಬಟ್ಟೆ ಒಣಹಾಕಬಾರದು ಎಂಬ ಕಟ್ಟಳೆಗಳಿದ್ದವು. ಲೇಖಕಿ ಬೆಟ್ಟಿ ಫ್ರೀಡನ್ ತಮ್ಮ ಜೊತೆ ಕಾಲೇಜು ಓದಿದ ಹೆಂಗಸರಿಗೆ ಪ್ರಶ್ನೆಪತ್ರ ಕಳಿಸಿ, ಬಂದ ಉತ್ತರಗಳ ಜಾಡು ಹಿಡಿದು 1963ರಲ್ಲಿ ಪುಸ್ತಕ ತಂದಾಗ, ಓದಿಕೊಂಡ ಗೃಹಿಣಿಯರ ಹೆಸರಿಲ್ಲದ ಬೇಸರ ಮನೆಮಾತಾಯಿತು. ಇನ್ನೊಂದು ಕಡೆ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗಾನ್ಸ್ ನ್ಯೂಜೆರ್ಸಿಯ ಲೆವಿಟ್‌ಟೌನಿನಲ್ಲಿ ತಾವೇ ಮನೆ ಕೊಂಡು ಎರಡು ವರ್ಷ ಇದ್ದು ನೋಡಿದರು. 1967ರ ಅವರ ಪುಸ್ತಕ ಉಪನಗರದ ಬಗೆಗಿನ ಪಂಡಿತರ ಮೂದಲಿಕೆಗೆ ತಣ್ಣೀರೆರಚಿತು: ಹೆಚ್ಚಿನ ಜನ ಅಲ್ಲಿ ಸುಖವಾಗಿಯೇ ಇದ್ದರು. ಸುಖವಿಲ್ಲದವರು ಯಾರೆಂಬುದನ್ನೂ ಗಾನ್ಸ್ ಹೇಳಿದರು. ಹೋಗಲು ಜಾಗವಿಲ್ಲದ ಹದಿಹರೆಯದವರು, ನೆಂಟರಿಷ್ಟರಿಂದ ದೂರವಾದ ಹೆಂಗಸರು. ಗಾನ್ಸರ ಈ ಮಾತು ಫ್ರೀಡನ್ನರದ್ದಕ್ಕಿಂತ ಕಡಿಮೆ ಪ್ರಸಿದ್ಧ, ಹೆಚ್ಚು ಉಪಯುಕ್ತ. ಒಂದೇ ಬೀದಿಯ ಒಂದೇ ನಮೂನೆಯ ಮನೆಯೊಳಗೆ ಗಂಡನಿಗೂ ಹೆಂಡತಿಗೂ ಮಗನಿಗೂ ಸಿಕ್ಕುವ ಊರು ಬೇರೆ ಬೇರೆ ಎಂಬುದು ಅದರಿಂದ ತಿಳಿಯುತ್ತದೆ.

ಮುಂಬಯಿ ಮೂರನೆಯ ದಾರಿ ಹಿಡಿಯಿತು. ಅಲ್ಲಿಯೂ ಪ್ಲೇಗಿನಿಂದಾಗಿಯೇ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿ, ದಾದರ್–ಮಾಟುಂಗಾದಲ್ಲಿ ಉಪನಗರದ ನಕ್ಷೆ ಹಾಕಿತು. ಆದರೆ ಆ ನೆಲದ ಮೇಲೆ ಎದ್ದದ್ದು ತೋಟದ ನಡುವಿನ ಮನೆಗಳಲ್ಲ, ಮೂರು ನಾಲ್ಕು ಅಂತಸ್ತಿನ ಫ್ಲಾಟುಗಳು. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟುಗಳು ಅಲ್ಲಿ ನೆಲೆಸಿದರು. ಅವರಿಗೆ ಅಂಗಳಕ್ಕಿಂತ ಮುಖ್ಯವಾಗಿ ಬೇಕಿದ್ದದ್ದು ಮನೆಯೊಳಗೇ ಸ್ವಂತ ಬಚ್ಚಲು, ಕಕ್ಕಸು, ಮಡಿಗೆ ಭಂಗ ಬಾರದ ಅಡುಗೆಮನೆ. ಕನ್ನಡಿಗರೂ ಅವರಲ್ಲಿದ್ದರು, ಮಾಟುಂಗಾದ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಅವರು ಮಹಡಿಯ ಫ್ಲಾಟಿನಲ್ಲೇ ಗೃಹಪ್ರವೇಶ ಮಾಡಿ, ಅಲ್ಲೇ ಮಕ್ಕಳ ಮದುವೆ ಮಾಡಿ, ಅಂಗಳವಿಲ್ಲವೆಂದು ಯಾವ ಕೊರಗೂ ಇಲ್ಲದೆ ಮಧ್ಯಮವರ್ಗದವರಾದರು. ಬೆಂಗಳೂರಿನ ನೆಂಟರು ಬೇಸಿಗೆಯಲ್ಲಿ ಹೋಗಿ ಬಂದು, ಪಾಪ, ಬೆಂಕಿಪೊಟ್ಟಣದಂಥ ಮನೆ ಎಂದು ಮರುಗಿದ್ದರೆ ಅದು ಬೆಂಗಳೂರಿನ ರೋಗ.

ಆ ರೋಗ ಬಲಿತದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ಮೈಸೂರು ನಗರಕ್ಕೆ 1903ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂದಿದ್ದರೆ, ಬೆಂಗಳೂರಿಗೆ ಅದು ಬಂದದ್ದು 1945ರಲ್ಲಿ. ಜಯನಗರ, ರಾಜಾಜಿನಗರಗಳು ಅದರ ಕೂಸುಗಳು. ಹಿಂದೂಸ್ತಾನ್ ಏರ್‌ಕ್ರಾಫ್ಟ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಹುಟ್ಟಿ, ಸಂಬಳದ ಸಂಸಾರಗಳ ಸಂಖ್ಯೆ ಹಿಂದೆಂದೂ ಇಲ್ಲದಷ್ಟು ಏರಿತು. ಕಾರ್ಖಾನೆಗಳು ಮೊದಲು ಕ್ವಾರ್ಟರ್ಸು ಕೊಟ್ಟವು. ದೂರವಾಣಿನಗರ, ಜಾಲಹಳ್ಳಿಗಳ ಕಾಲೊನಿಗಳಲ್ಲಿ ಬೆಳೆದ ಮಕ್ಕಳಿಗೆ ತಮಿಳು, ತೆಲುಗು, ಮಲಯಾಳ, ಕನ್ನಡ ನಾಲ್ಕೂ ಅಂಗಳದ ಆಟದಲ್ಲೇ ಬರುತ್ತಿದ್ದವು. ಎಲ್ಲರ ಮನೆಯೂ ಒಂದೇ ನಮೂನೆ, ಎಲ್ಲರ ಅಪ್ಪನಿಗೂ ಒಂದೇ ಸೈರನ್ನು. ಜಾತಿಯ ಬ್ಲಾಕಿನ ಜಾಗದಲ್ಲಿ ಹುದ್ದೆಯ ದರ್ಜೆ ಬಂದಿತ್ತು. ಆದರೆ ಕ್ವಾರ್ಟರ್ಸು ರಿಟೈರಾದ ದಿನ ಬಿಡಬೇಕಾದ ಮನೆ. ಆದ್ದರಿಂದ ನೌಕರಿಗೆ ಸೇರಿದವರು ಮೊದಲ ವರ್ಷದಿಂದಲೇ ಸೈಟಿನ ಲೆಕ್ಕ ಹಾಕತೊಡಗಿದರು.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1976ರಲ್ಲಿ ಬಂದ ಮೇಲೆ ಈ ಲೆಕ್ಕಕ್ಕೊಂದು ಪಂಚಾಂಗವೇ ಸಿಕ್ಕಿತು. ಅರ್ಜಿ ಹಾಕುವುದು, ಠೇವಣಿ ಕಟ್ಟುವುದು, ಪಟ್ಟಿ ಕಾಯುವುದು, ಹೆಸರು ಬಾರದಿದ್ದರೆ ಮತ್ತೆ ಹಾಕುವುದು. ಎಷ್ಟನೇ ಸಲದ ಅರ್ಜಿ ಎಂಬುದಕ್ಕೂ ವಯಸ್ಸಿಗೂ ಆದ್ಯತೆ ಇದ್ದುದರಿಂದ, ಮೂರನೇ ಅಟೆಂಪ್ಟು, ಐದನೇ ಅಟೆಂಪ್ಟು ಎಂದು ಜನ ಪರೀಕ್ಷೆಯ ಮಾತಿನಂತೆ ಆಡಿಕೊಂಡರು. ಸೈಟು ಸಿಕ್ಕರೂ ಮೊದಲು ಅದು ಗುತ್ತಿಗೆಯ ಕರಾರಿನಲ್ಲಿ. ಇಷ್ಟು ವರ್ಷ ಮಾರುವಂತಿಲ್ಲ, ಇಷ್ಟರೊಳಗೆ ಮನೆ ಕಟ್ಟಬೇಕು. ಸಿಗದವರು ಗೃಹನಿರ್ಮಾಣ ಸಹಕಾರ ಸಂಘಗಳ ಕಡೆ ಓಡಿದರು, ಅಲ್ಲಿಯೂ ಆಗದವರು ರೆವಿನ್ಯೂ ಸೈಟು ಕೊಂಡು ಅಕ್ರಮ–ಸಕ್ರಮದ ದಾರಿ ಕಾಯುತ್ತ ಕೂತರು. 20x30, 30x40, 40x60: ಊರಿನ ಮಧ್ಯಮವರ್ಗದ ಏಣಿಯ ಮೆಟ್ಟಿಲುಗಳೇ ಇವು. ಮದುವೆಯ ಮಾತುಕತೆಯಲ್ಲಿ "ಹುಡುಗನ ಕಡೆಯವರಿಗೆ ಸೈಟಿದೆಯಂತಾ?" ಎಂಬ ಪ್ರಶ್ನೆ ಸಂಬಳದ ಪ್ರಶ್ನೆಯ ಬೆನ್ನಿಗೇ ಬಂತು. ಇಲ್ಲಿಗೆ ಬಂದು ನಿಂತ ಆಸೆಯಲ್ಲಿ ಗಾಳಿ, ಬೆಳಕು, ಸಂಪಿಗೆ ಮರಗಳ ಪಾಲು ತೀರ ಕಡಿಮೆ. ಮುಪ್ಪಿಗೆ ಪೆನ್ಷನ್ ಸಾಲದು, ಬ್ಯಾಂಕಿನ ಬಡ್ಡಿ ಏರದು, ಭೂಮಿಯ ಬೆಲೆ ಇಳಿಯದು ಎಂಬ ಲೆಕ್ಕ ಅದು. ಅದನ್ನು ಕೌಟುಂಬಿಕ ಆದರ್ಶ ಎಂದು ಕರೆಯುವುದು ಸೌಜನ್ಯ.

ಈ ಲೆಕ್ಕಕ್ಕೆ ನೆಲ ಕೊಟ್ಟವರ ಮಾತು ಸಾಮಾನ್ಯವಾಗಿ ಪುಟದ ಅಂಚಿಗೆ ಸರಿಯುತ್ತದೆ. ಬಸವನಗುಡಿ ಎದ್ದ ಕಡೆ ಸುಂಕೇನಹಳ್ಳಿ ಇತ್ತು, ಸುತ್ತ ಕಡಲೆಕಾಯಿ ಹೊಲಗಳಿದ್ದವು. ಹೊಲ ಹೋದರೂ ಕಾರ್ತಿಕದ ಕಡೇ ಸೋಮವಾರದ ಪರಿಷೆ ನಿಲ್ಲಲಿಲ್ಲ. ಈಗ ಕಡಲೆಕಾಯಿ ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ ಕಡೆಯಿಂದ, ಆಂಧ್ರ, ತಮಿಳುನಾಡಿನಿಂದ ಲಾರಿಯಲ್ಲಿ ಬರುತ್ತದೆ. ಬಿಟಿಎಂ ಲೇಔಟಿನ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿ ಮುದುಡಿಕೊಂಡಿವೆ. ಊರಿನ ಉತ್ತರಕ್ಕೆ 2008ರಲ್ಲಿ ಅಧಿಸೂಚನೆಯಾದ ಬಡಾವಣೆ 17 ಹಳ್ಳಿಗಳ ಸುಮಾರು ಮೂರೂವರೆ ಸಾವಿರ ಎಕರೆಗೆ ಕೈ ಹಾಕಿತು, ವರ್ಷಗಟ್ಟಲೆ ಕೋರ್ಟು ಮೆಟ್ಟಿಲು ಹತ್ತಿತು. ಅದಕ್ಕೆ ಇಟ್ಟ ಹೆಸರು ಡಾ. ಕೆ. ಶಿವರಾಮ ಕಾರಂತ ಬಡಾವಣೆ. ಕಾಡು, ಕಡಲು, ಹೊಲಗಳ ಬಗ್ಗೆ ಬಾಳಿಡೀ ಬರೆದು ಜಗಳವಾಡಿದ ಕಾರಂತರು ಇದನ್ನು ಕಂಡಿದ್ದರೆ ಯಾರಿಗೆ ಎಂಥ ಕಾಗದ ಬರೆಯುತ್ತಿದ್ದರೋ.

ಇನ್ನು ಊರಿನ ನಡುವೆಯೇ ಇರಬೇಕೆಂದು ಹಟ ಹಿಡಿದವರೂ ಇದ್ದಾರೆ. ಕೋರಮಂಗಲದ ಮಗ್ಗುಲಿನ ಈಜಿಪುರದ ಬಡವರ ವಸತಿಯಿಂದ 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಸಂಸಾರಗಳನ್ನು ಎಬ್ಬಿಸಿ ಗುಡಿಸಲು ಕೆಡವಿದಾಗ, ಅನೇಕರು ಊರ ಹೊರವಲಯದ ಮನೆಗಿಂತ ಅಲ್ಲಿನ ಫುಟ್‌ಪಾತೇ ವಾಸಿ ಎಂದು ಅಲ್ಲೇ ಟಾರ್ಪಾಲು ಕಟ್ಟಿ ಕೂತರು. ಅವರ ಹೆಂಗಸರು ಕೋರಮಂಗಲದ ಮನೆಗಳಲ್ಲಿ ಕಸ ಮುಸುರೆ ಮಾಡುವವರು. ಎರಡು ಬಸ್ಸು ಹಿಡಿದು ಬಂದರೆ ಮೂರು ಮನೆಯ ಕೆಲಸದಲ್ಲಿ ಒಂದು ತಪ್ಪುತ್ತದೆ, ಮಕ್ಕಳ ಶಾಲೆ ತಪ್ಪುತ್ತದೆ. 1898ರ ನೇಕಾರರ ಲೆಕ್ಕಕ್ಕೂ ಇವರ ಲೆಕ್ಕಕ್ಕೂ ವ್ಯತ್ಯಾಸವಿಲ್ಲ.

ಸೈಟು ಸಿಕ್ಕು, ಮನೆ ಕಟ್ಟಿ, ಗೆದ್ದವರ ಕಥೆಯೂ ಈಗ ಇನ್ನೊಂದು ತಿರುವಿನಲ್ಲಿದೆ. ಜಯನಗರದ 40x60 ಮನೆಯ ಮಕ್ಕಳು ಅಮೆರಿಕದ ಫ್ರೀಮಾಂಟಿನಲ್ಲಿ, ಎಡಿಸನ್ನಿನಲ್ಲಿ ಲೆವಿಟ್‌ಟೌನಿನ ಮೊಮ್ಮಕ್ಕಳಂಥ ಉಪನಗರಗಳಲ್ಲಿದ್ದಾರೆ. ಆರು ತಿಂಗಳಿಗೆಂದು ಹೋದ ತಂದೆ ತಾಯಿಗೆ ಅಲ್ಲಿ ಕಾರಿಲ್ಲದೆ ಹಾಲು ತರಲೂ ಆಗದು. ತಿಂಗಳಿಗೊಮ್ಮೆ ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು ನಡೆಸುವ ಕನ್ನಡ ಕೂಟ ಅವರ ಗಾಂಧಿ ಬಜಾರು. ಮರಳಿ ಬಂದ ಮೇಲೆ ಅನೇಕರು ಮನೆಯನ್ನು ಬಿಲ್ಡರಿಗೆ ಜಂಟಿ ಒಪ್ಪಂದಕ್ಕೆ ಕೊಟ್ಟು, ಅದೇ ನಿವೇಶನದ ಮೇಲೆ ಎದ್ದ ನಾಲ್ಕಂತಸ್ತಿನಲ್ಲಿ ಒಂದು ಫ್ಲಾಟು ಪಡೆದು, ಮೆಟ್ಟಿಲಲ್ಲಿ ಎದುರಾಗುವ ನೆರೆಯವರೊಂದಿಗೆ ಮತ್ತೆ ಮಾತು ಕಲಿಯುತ್ತಿದ್ದಾರೆ. ಕರ್ನಾಟಕದಲ್ಲಿ ಫ್ಲಾಟಿನ ಒಡೆತನಕ್ಕೆ ಕಾಯಿದೆ ಬಂದದ್ದು 1972ರಲ್ಲಿ. ಬೆಂಗಳೂರು ಅದನ್ನು ಮನಸ್ಸಿನಲ್ಲಿ ಒಪ್ಪಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ಆದರೂ ಅರ್ಜಿಗಳು ನಿಂತಿಲ್ಲ. ಮಾಗಡಿ ರಸ್ತೆ, ಮೈಸೂರು ರಸ್ತೆಗಳ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ 2016ರಿಂದ ಸಾವಿರಾರು ಸೈಟು ಹಂಚಿದರು. ನೀರು, ಚರಂಡಿ, ವಿದ್ಯುತ್ತು ಬರುವುದು ವರ್ಷಗಟ್ಟಲೆ ತಡವಾಗಿ, ಮನೆ ಕಟ್ಟಿದವರು ವಿರಳ. ಹಂಚಿಕೆಪತ್ರ ಇಟ್ಟುಕೊಂಡವರು ವಿಜಯನಗರದಲ್ಲೋ ನಾಗರಭಾವಿಯಲ್ಲೋ ಯಾರದೋ 30x40ರ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದು, ಸೈಟಿಗೆ ಕಂದಾಯ ಕಟ್ಟುತ್ತ, ವರ್ಷಕ್ಕೊಮ್ಮೆ ಹೋಗಿ ಗಡಿಕಲ್ಲು ನೋಡಿ, ಬೆಳೆದ ಗಿಡಗಂಟಿ ಕಡಿಸಿ ಬರುತ್ತಾರೆ. ಅವರ ಮಕ್ಕಳಿಗೆ ಮೆಟ್ರೋ ಹತ್ತಿರದ ಒಂದು ಬೆಡ್‌ರೂಮಿನ ಬಾಡಿಗೆ ಮನೆ ಸಾಕು.